ಅಂದಿನ ಮಕ್ಕಳು: ಗೋರ್ಟಾದಿಂದ ಬಾಲಸೈನಿಕರವರೆಗೆ

ಗೋರ್ಟಾ (ಬಿ) ಹತ್ಯಾಕಾಂಡವನ್ನು ಕಣ್ಣಾರೆ ಕಂಡು ಇಂದಿಗೂ ಮಾತಾಡಬಲ್ಲವರು ಯಾರಿದ್ದಾರು ಎಂದು ಒಮ್ಮೆ ಲೆಕ್ಕ ಹಾಕಿ. ಅದು ನಡೆದದ್ದು 1948ರ ಮೇ 9ರಂದು. ಆಗ ಮೂವತ್ತು ತುಂಬಿದ್ದವರು ಈಗ ಬದುಕಿದ್ದರೆ ನೂರು ದಾಟಿರಬೇಕು. ಬಂದೂಕಿಗೆ ಎದುರು ನಿಂತವರು, ಊರ ಹಿರಿಯರು, ಸತ್ತವರ ಹೆಂಡಂದಿರು, ಬಹುತೇಕ ಎಲ್ಲರೂ ಹೋಗಿಬಿಟ್ಟಿದ್ದಾರೆ. ಉಳಿದಿರುವ ಕಣ್ಸಾಕ್ಷಿಗಳು ಅಂದು ಆರು, ಎಂಟು, ಹತ್ತು ವರ್ಷದವರಾಗಿದ್ದವರು. ಇವತ್ತು ನಮ್ಮ ಕೈಗೆ ಸಿಗುವ ಗೋರ್ಟಾದ ನೆನಪು ಬಹುಮಟ್ಟಿಗೆ ಮಕ್ಕಳ ನೆನಪು.

ಈ ಮಾತನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಹಿಂಸೆ ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ, ಆ ಪೆಟ್ಟು ಒಬ್ಬನದಾಗಿ ಉಳಿಯದೆ ಒಂದು ಗುಂಪಿನದು ಹೇಗಾಗುತ್ತದೆ ಎಂಬ ವಿಷಯಕ್ಕೆ ನೀವು ಹೊಸಬರಾಗಿದ್ದರೆ, ಮಕ್ಕಳಿಂದ ಆರಂಭಿಸುವುದೇ ಸರಿ. ಜಗತ್ತಿನಲ್ಲಿ ಈ ಪ್ರಶ್ನೆಯನ್ನು ಅತಿ ಆಳವಾಗಿ ಕೆದಕಿದ ಸಂಶೋಧನೆಗಳಲ್ಲಿ ಹಲವು ಬಾಲಸೈನಿಕರ ಬಗ್ಗೆಯೇ ನಡೆದಿವೆ. ಅಂದರೆ ಆಟವಾಡುವ ವಯಸ್ಸಿನಲ್ಲಿ ಕೈಗೆ ಬಂದೂಕು ಬಂದು, ಆಮೇಲೆ ಹೇಗೋ ಬದುಕಿ ಊರಿಗೆ ಮರಳಿದ ಹುಡುಗ ಹುಡುಗಿಯರ ಬಗ್ಗೆ. ಗೋರ್ಟಾದಲ್ಲಿ ಬಾಲಸೈನಿಕರಿದ್ದರು ಎಂದು ನಾನು ಹೇಳುತ್ತಿಲ್ಲ. ಗೋರ್ಟಾದ ಮಕ್ಕಳು ಹಿಂಸೆಯನ್ನು ಕಂಡವರು, ಬಾಲಸೈನಿಕರು ಹಿಂಸೆಯನ್ನು ಕಂಡದ್ದಲ್ಲದೆ ಮಾಡಿಯೂ ಇದ್ದವರು. ಈ ಅಂತರವನ್ನು ಮರೆಯಬಾರದು. ಆದರೂ ಆ ಮಕ್ಕಳಿಂದ ಕಲಿತದ್ದನ್ನು ಬೀದರ್ ಜಿಲ್ಲೆಯ ಈ ಊರಿಗೆ ತಂದು ನೋಡಿದರೆ, ಎಪ್ಪತ್ತೈದು ವರ್ಷಗಳಿಂದ ನಾವು ಬರೀ ಇತಿಹಾಸದ ವಿಷಯವೆಂದುಕೊಂಡದ್ದರಲ್ಲಿ ಇನ್ನೂ ಕೆಲವು ಸಂಗತಿ ಕಾಣುತ್ತವೆ.

ಮೊದಲು ಇತಿಹಾಸ, ಚುಟುಕಾಗಿ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಅದು ಬರಲಿಲ್ಲ. ಅವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ನಿಜಾಮನಿಗೆ ಭಾರತ ಸೇರುವ ಮನಸ್ಸಿರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ನಡುಗಾಲದಲ್ಲಿ ಹಳ್ಳಿಗಳ ಮೇಲೆ ಬಿದ್ದವರು ರಜಾಕಾರರು. ಅದು ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಖಾಸಗಿ ಪಡೆ, ನಾಯಕ ಲಾತೂರಿನ ವಕೀಲ ಕಾಸಿಂ ರಜ್ವಿ. ಎದುರು ಬದಿಯಲ್ಲಿ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ಸಿತ್ತು, ಸಂಸ್ಥಾನದ ಗಡಿಯಾಚೆ ಮುಂಡರಗಿಯಂಥ ಕಡೆ ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರು ನಡೆಸಿದ ಶಿಬಿರಗಳಿದ್ದವು. ಆ ಶಿಬಿರಗಳಲ್ಲಿ ಓದು ಬಿಟ್ಟು ಬಂದ ಯುವಕರು ಬಂದೂಕು ಹಿಡಿಯುವುದನ್ನು ಕಲಿತರು. ಅವರ ವಯಸ್ಸನ್ನು ಇಂದಿನ ಕಣ್ಣಿನಿಂದ ಯಾರೂ ಲೆಕ್ಕ ಹಾಕಿದಂತಿಲ್ಲ.

ಬಸವಕಲ್ಯಾಣ ಸೀಮೆಯ ಗೋರ್ಟಾಕ್ಕೆ ರಜಾಕಾರರು ನುಗ್ಗಿದ್ದು ಈ ಹೊತ್ತಿನಲ್ಲಿ. ಊರಿನವರ ಲೆಕ್ಕದಲ್ಲಿ ಸತ್ತವರು 200ಕ್ಕೂ ಹೆಚ್ಚು. ತ್ರಿವರ್ಣ ಧ್ವಜ ಹಾರಿಸಿದ ಸಿಟ್ಟು, ಹಿಂದಿನ ಘರ್ಷಣೆಗಳ ಸೇಡು, ಹೀಗೆ ಕಾರಣಗಳನ್ನೂ ಊರು ಹೇಳುತ್ತದೆ. ಈ ಭಾಗದಲ್ಲಿ ಇದನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನದೊಳಕ್ಕೆ ಬಂತು, 17ರಂದು ನಿಜಾಮ ಶರಣಾದ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರುಗಳಿವೆ: ಮೊದಲಿನದು ‘ರಜಾಕಾರರ ಹಾವಳಿ’, ಆಮೇಲಿನದು ‘ಪೊಲೀಸ್ ಆ್ಯಕ್ಷನ್’.

ಈಗ ಮನಸ್ಸಿನ ಕಡೆ ಬರೋಣ. ಆಘಾತ ಎಂದರೆ ದೊಡ್ಡ ದುಃಖ ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಅಜ್ಜಿ ತೀರಿಕೊಂಡರೆ ಮಗು ಅಳುತ್ತದೆ, ಊಟ ಬಿಡುತ್ತದೆ, ಕ್ರಮೇಣ ಅಜ್ಜಿಯ ನೆನಪು ‘ಆಗಿಹೋದದ್ದು’ ಆಗುತ್ತದೆ. ಜೀವಕ್ಕೇ ಸಂಚಕಾರ ಬಂದಾಗ ಮಿದುಳು ಬೇರೆ ರೀತಿ ಕೆಲಸ ಮಾಡುತ್ತದೆ. ಅಮಿಗ್ಡಲಾ ಎಂಬ ಭಾಗ ಅಪಾಯದ ಗಂಟೆ ಬಾರಿಸುತ್ತದೆ, ಎದೆ ಬಡಿತ ಏರುತ್ತದೆ, ಓಡು ಇಲ್ಲವೇ ಹೊಡೆದಾಡು ಎಂದು ಮೈಗೆ ಆಜ್ಞೆ ಹೋಗುತ್ತದೆ. ಎರಡೂ ಆಗದಿದ್ದರೆ ಮೈ ಮರಗಟ್ಟುತ್ತದೆ. ಯಾವ ದಿನ, ಯಾವ ಜಾಗ, ಏನಾದ ಮೇಲೆ ಏನಾಯಿತು ಎಂದು ಅನುಭವವನ್ನು ಅನುಕ್ರಮದಲ್ಲಿಡುವ ಹಿಪೊಕ್ಯಾಂಪಸ್ ಆ ಗದ್ದಲದಲ್ಲಿ ತನ್ನ ಕೆಲಸವನ್ನು ಅರೆಬರೆ ಮಾಡುತ್ತದೆ. ಸಾಮಾನ್ಯ ನೆನಪು ರಾಶಿ ಮಾಡಿ ಚೀಲ ಹೊಲಿದು ಮನೆಗೆ ತಂದ ಜೋಳದಂತೆ, ಬೇಕೆಂದಾಗ ಬಿಚ್ಚಬಹುದು, ಮತ್ತೆ ಕಟ್ಟಬಹುದು. ಆಘಾತದ ನೆನಪು ರಾಶಿಯಾಗದೆ ಹೊಲದಲ್ಲೇ ಬಿದ್ದ ಬೆಳೆ. ಮೋಡ ಕವಿದಾಗಲೆಲ್ಲ ಜೀವ ಅಲ್ಲಿಗೇ ಓಡುತ್ತದೆ.

ಆದ್ದರಿಂದಲೇ ಇಂಥವರಿಗೆ ಹಳೆಯದು ನೆನಪಾಗುವುದಿಲ್ಲ, ಮತ್ತೆ ನಡೆಯುತ್ತದೆ. ಸುಟ್ಟ ವಾಸನೆ, ಕುದುರೆಯ ಕಾಲ ಸಪ್ಪಳ, ದೀಪಾವಳಿಯ ಪಟಾಕಿ, ಯಾವುದಾದರೂ ಸಾಕು, ಎದೆ ಧಸಕ್ಕೆನ್ನುತ್ತದೆ. ಕೆಲವರು ಆ ಹಾದಿಯಲ್ಲೇ ನಡೆಯುವುದಿಲ್ಲ, ಆ ಮಾತು ಬಂದರೆ ಎದ್ದುಹೋಗುತ್ತಾರೆ. ಕೆಲವರ ಭಾವನೆಗಳು ಜಡವಾಗಿ, ಮಗಳ ಮದುವೆಯಲ್ಲೂ ನಗು ಬರುವುದಿಲ್ಲ. ರಾತ್ರಿಯೆಲ್ಲ ಕಿವಿ ನಿಮಿರಿಸಿ ಮಲಗುವವರಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ ಇದಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರಿಟ್ಟು ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ನೋಡಿದ ಮೇಲೆ. ಗೋರ್ಟಾದ ಮಕ್ಕಳಿಗೆ ಆಗಲೇ ನಲವತ್ತರ ಆಸುಪಾಸು. ಅಷ್ಟು ವರ್ಷ ಅವರ ನಿದ್ದೆಗೆಟ್ಟ ರಾತ್ರಿಗಳಿಗೆ ‘ಅಂಜಿಕಿ’, ‘ಗಾಳಿ ಸೋಂಕು’, ‘ಅವನ ಸ್ವಭಾವವೇ ಹಾಗೆ’ ಎಂಬ ವಿವರಣೆಗಳಷ್ಟೇ ಇದ್ದವು.

ಮಕ್ಕಳಲ್ಲಿ ಇದು ಇನ್ನೊಂದು ವೇಷದಲ್ಲಿ ಬರುತ್ತದೆ. ಅವು ಹೇಳುವುದಿಲ್ಲ, ಆಡುತ್ತವೆ. ಕಂಡದ್ದನ್ನೇ ಮತ್ತೆ ಮತ್ತೆ ಆಟವಾಗಿ ಆಡುತ್ತವೆ, ಆ ಆಟದಲ್ಲಿ ಸಂತೋಷವಿರುವುದಿಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುತ್ತದೆ. ತಾಯಿಯ ಸೆರಗು ಬಿಡುವುದಿಲ್ಲ. ಶಾಲೆಯಲ್ಲಿ ಮಂಕಾಗಿ ಕೂರುತ್ತವೆ, ಇಲ್ಲವೇ ಸಣ್ಣದಕ್ಕೂ ಕೈ ಮಾಡುತ್ತವೆ. ಶಿಕ್ಷಕರು ಅದನ್ನು ದಡ್ಡತನವೆಂದೋ ಪುಂಡತನವೆಂದೋ ಬರೆದುಬಿಡುತ್ತಾರೆ. ನಮ್ಮ ವೃತ್ತಿಯಲ್ಲಿ ಅತಿ ಸುಲಭವಾಗಿ ಆಗುವ ಅನ್ಯಾಯ ಇದು.

ಆದರೆ ಹಿಂಸೆ ಕಂಡವರೆಲ್ಲ ಕಾಯಿಲೆ ಬೀಳುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು, ಬಹುಪಾಲು ಜನ ಬೀಳುವುದಿಲ್ಲ. ಹಾಗಿದ್ದರೆ ಒಂದೇ ದಿನ, ಒಂದೇ ಓಣಿಯಲ್ಲಿ, ಒಂದೇ ದೃಶ್ಯ ಕಂಡ ಇಬ್ಬರು ಮಕ್ಕಳಲ್ಲಿ ಒಬ್ಬ ಮುಂದೆ ಮಕ್ಕಳು ಮೊಮ್ಮಕ್ಕಳೊಂದಿಗೆ ಸುಖವಾಗಿ ಬಾಳಿ, ಇನ್ನೊಬ್ಬ ಜೀವನವಿಡೀ ಬೆಚ್ಚುತ್ತ ಬದುಕುವುದೇಕೆ? ಉತ್ತರದ ಒಂದು ಪಾಲು ಹುಟ್ಟುಗುಣದಲ್ಲಿರಬಹುದು. ದೊಡ್ಡ ಪಾಲು ಇರುವುದು ಆಮೇಲೆ ಅವರಿಗೆ ಯಾರು ಸಿಕ್ಕರು ಎಂಬುದರಲ್ಲಿ. ಇದನ್ನು ತೋರಿಸಿಕೊಟ್ಟವರು ಬಾಲಸೈನಿಕರು.

ಬಾಲಸೈನಿಕ ಎಂದರೆ ಯಾರು? 2007ರ ಪ್ಯಾರಿಸ್ ತತ್ವಗಳ ಪ್ರಕಾರ, ಸಶಸ್ತ್ರ ಪಡೆ ಅಥವಾ ಗುಂಪು ಬಳಸಿಕೊಂಡ 18 ವರ್ಷದೊಳಗಿನ ಯಾವುದೇ ಮಗು. ಬಂದೂಕು ಹಿಡಿದಿರಬೇಕೆಂದಿಲ್ಲ. ಅಡುಗೆ ಮಾಡಿದವರು, ಹೊರೆ ಹೊತ್ತವರು, ಸುದ್ದಿ ಮುಟ್ಟಿಸಿದವರು, ಲೈಂಗಿಕವಾಗಿ ಬಳಕೆಯಾದ ಹುಡುಗಿಯರು, ಎಲ್ಲರೂ ಇದರೊಳಗೆ ಬರುತ್ತಾರೆ. ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಂ, ಉಗ್ರಗಾಮಿ ಗುಂಪುಗಳು ಮಕ್ಕಳನ್ನು ಬಳಸಿಕೊಂಡರೆ ಏಳು ವರ್ಷದವರೆಗಿನ ಕಠಿಣ ಶಿಕ್ಷೆ ವಿಧಿಸುತ್ತದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2012ರಲ್ಲಿ ನೀಡಿದ ತನ್ನ ಮೊಟ್ಟಮೊದಲ ಶಿಕ್ಷೆಯ ತೀರ್ಪು ಈ ಅಪರಾಧಕ್ಕೇ ಸಂಬಂಧಿಸಿದ್ದು. ಕಾಂಗೋದ ಥಾಮಸ್ ಲುಬಾಂಗಾ 15 ವರ್ಷದೊಳಗಿನ ಮಕ್ಕಳನ್ನು ಪಡೆಗೆ ಸೇರಿಸಿಕೊಂಡದ್ದಕ್ಕೆ 14 ವರ್ಷ ಸೆರೆಮನೆ ಕಂಡ.

ಇಷ್ಟು ಕಾನೂನು. ಗುಂಪು ಮಗುವನ್ನು ತನ್ನದಾಗಿಸಿಕೊಳ್ಳುವ ಬಗೆ ನಮಗೆ ಇಲ್ಲಿ ಹೆಚ್ಚು ಬೇಕಾದದ್ದು. ಉಗಾಂಡಾದ ಲಾರ್ಡ್ಸ್ ರೆಸಿಸ್ಟನ್ಸ್ ಆರ್ಮಿ ಮಕ್ಕಳನ್ನು ಅಪಹರಿಸಿ, ಕೆಲವೊಮ್ಮೆ ಅವರ ಕೈಯಿಂದಲೇ ಊರವರನ್ನೋ ಜೊತೆಗಾರರನ್ನೋ ಹೊಡೆಸುತ್ತಿತ್ತು. ಅಲ್ಲಿಗೆ ಹಿಂದಿರುಗುವ ಹಾದಿ ಮುಚ್ಚಿತು. ಶ್ರೀಲಂಕಾದ ಎಲ್‌ಟಿಟಿಇ ಹೊಸ ಹೆಸರು ಕೊಡುತ್ತಿತ್ತು, ಕೊರಳಿಗೆ ಸಯನೈಡ್ ಕಟ್ಟುತ್ತಿತ್ತು. ನೇಪಾಳದ ಮಾವೋವಾದಿಗಳ ಬಳಿಗೆ ಎಷ್ಟೋ ಮಕ್ಕಳು ಹೋದದ್ದು ಹಾಡು, ಕುಣಿತದ ತಂಡಗಳ ಬೆನ್ನು ಹಿಡಿದು, ಮನೆಯಲ್ಲಿ ಸಿಗದ ಸಮಾನತೆ ಅಲ್ಲಿ ಸಿಗುತ್ತದೆಂಬ ಆಸೆಯಿಂದ. ಹಾದಿ ಬೇರೆಯಾದರೂ ಕೆಲಸ ಒಂದೇ: ಹಳೆಯ ‘ನಾನು’ವನ್ನು ಕಳಚಿ, ‘ನಾವು’ ಒಂದನ್ನು ತೊಡಿಸುವುದು. ಮಗುವಿಗೆ ಆ ‘ನಾವು’ ಅನ್ನ, ರಕ್ಷಣೆ, ಮರ್ಯಾದೆ ಎಲ್ಲವೂ ಆಗುತ್ತದೆ. ಭಯ ಕೊಟ್ಟವನೇ ಆಸರೆಯೂ ಆಗುವುದರಿಂದ ಆ ಗಂಟು ಬಿಚ್ಚುವುದು ಕಷ್ಟ.

ಗುಂಪಿನ ಗುರುತು ಇಷ್ಟು ಬೇಗ ಕಟ್ಟುತ್ತದೆಯೇ ಎಂದು ನಿಮಗೆ ಅನುಮಾನವಿದ್ದರೆ ಹೆನ್ರಿ ತಾಜ್‌ಫೆಲ್‌ರ ಪ್ರಯೋಗ ಕೇಳಿ. ತಾಜ್‌ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರಿಗೆ ಸೆರೆಸಿಕ್ಕು ಬದುಕಿ ಬಂದಾಗ ಅವರ ಕುಟುಂಬವೇ ಉಳಿದಿರಲಿಲ್ಲ. ಯುದ್ಧ ಮುಗಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಅನಾಥರಾದ ಮಕ್ಕಳ ಪುನರ್ವಸತಿ. ಮುಂದೆ ಮನಶ್ಶಾಸ್ತ್ರಜ್ಞರಾಗಿ 1970ರ ಸುಮಾರಿಗೆ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್ಸ್ಕಿ ಎಂಬ ಕಲಾವಿದರ ಚಿತ್ರ ತೋರಿಸಿ, ನೀನು ಇಂಥವರ ಗುಂಪು ಎಂದು ಹೇಳಿದರು. ಗುಂಪು ಹಂಚಿದ್ದು ಮನಬಂದಂತೆ. ಗುಂಪಿನಲ್ಲಿ ಇನ್ಯಾರಿದ್ದಾರೆಂದೂ ಹುಡುಗರಿಗೆ ಗೊತ್ತಿಲ್ಲ. ಆದರೂ ಹಣ ಹಂಚುವ ಸರದಿ ಬಂದಾಗ ಅವರು ತಮ್ಮ ಗುಂಪಿಗೇ ಒಲಿದರು, ತಮ್ಮ ಗುಂಪಿಗೆ ಸಿಗುವುದು ಕಡಿಮೆಯಾದರೂ ಸರಿ, ಇನ್ನೊಂದು ಗುಂಪಿಗಿಂತ ಹೆಚ್ಚಿರಲಿ ಎಂದು ಆರಿಸಿದವರೂ ಇದ್ದರು. ಚಿತ್ರವೊಂದರ ನೆಪಕ್ಕೆ ಇಷ್ಟಾದರೆ, ರಕ್ತ ಹರಿದ ಮೇಲೆ ಹುಟ್ಟುವ ಗುಂಪಿನ ಹಿಡಿತ ಎಷ್ಟಿರಬೇಡ!

ಡೊಮಿನಿಕ್ ಒಂಗ್ವೆನ್‌ನ ಕತೆ ನನ್ನ ಮಟ್ಟಿಗೆ ಈ ವಿಷಯದ ಅತಿ ಕಠಿಣ ಪಾಠ. ಉಗಾಂಡಾದ ಈ ಹುಡುಗನನ್ನು ಲಾರ್ಡ್ಸ್ ರೆಸಿಸ್ಟನ್ಸ್ ಆರ್ಮಿ ಸಣ್ಣ ವಯಸ್ಸಿನಲ್ಲಿ, ಶಾಲೆಯ ಹಾದಿಯಲ್ಲಿ ಹೊತ್ತೊಯ್ದಿತು. ಅಲ್ಲೇ ಬೆಳೆದ, ಅಲ್ಲೇ ಮೇಲೇರಿ ದಳಪತಿಯಾದ, ತನಗೆ ಆದದ್ದನ್ನು ಬೇರೆ ಮಕ್ಕಳಿಗೆ ಮಾಡಿದ. 2021ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನನ್ನು 61 ಆರೋಪಗಳಲ್ಲಿ ದೋಷಿಯೆಂದು ಕಂಡಿತು. ಜೀವಾವಧಿ ಕೊಡಬಹುದಿತ್ತು. ಬಾಲ್ಯದ ಅಪಹರಣವನ್ನು ಗಣನೆಗೆ ತೆಗೆದುಕೊಂಡು 25 ವರ್ಷ ಕೊಟ್ಟಿತು. ಬಲಿಪಶು, ಅಪರಾಧಿ ಎಂಬ ಎರಡು ಡಬ್ಬಿಗಳಲ್ಲಿ ಮನುಷ್ಯರನ್ನು ತುಂಬಿಟ್ಟು ನಿಶ್ಚಿಂತೆಯಾಗಿರುವ ನಮ್ಮ ಅಭ್ಯಾಸಕ್ಕೆ ಇಂಥ ಒಬ್ಬ ಮನುಷ್ಯ ಸಾಕು. ಇದರಿಂದ ಅಪರಾಧ ಹಗುರವಾಗುವುದಿಲ್ಲ, ಅದು ಬೆಳೆದ ಹಾದಿ ಕಾಣುತ್ತದೆ.

ಈಗ ಸಂಶೋಧನೆಗಳ ತಿರುಳು. ನೇಪಾಳದಲ್ಲಿ ಬ್ರ್ಯಾಂಡನ್ ಕೋರ್ಟ್ ಮತ್ತು ಸಂಗಡಿಗರು 141 ಬಾಲಸೈನಿಕರನ್ನು, ಪಡೆ ಸೇರದ ಅಷ್ಟೇ ಸಂಖ್ಯೆಯ ಮಕ್ಕಳೊಂದಿಗೆ ಹೋಲಿಸಿ 2008ರಲ್ಲಿ ವರದಿ ಮಾಡಿದರು. ಆಘಾತದ ಲಕ್ಷಣ ಮೊದಲ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗಿತ್ತು, ಎರಡನೆಯದರಲ್ಲಿ ಐವರಲ್ಲಿ ಒಬ್ಬರಿಗೆ. ಇದು ನಿರೀಕ್ಷಿತವೇ. ಕುತೂಹಲದ ಸಂಗತಿ ಬೇರೆ: ಕಂಡ ಹಿಂಸೆಯ ಪ್ರಮಾಣವೊಂದೇ ಆ ವ್ಯತ್ಯಾಸವನ್ನೆಲ್ಲ ವಿವರಿಸಲಿಲ್ಲ. ಮರಳಿ ಬಂದಾಗ ಊರು ಹೇಗೆ ಬರಮಾಡಿಕೊಂಡಿತು ಎಂಬುದು ಲೆಕ್ಕಕ್ಕೆ ಬಂತು. ಮಡಿ ಮೈಲಿಗೆಯ ಕಟ್ಟು ಬಿಗಿಯಾಗಿದ್ದ ಊರುಗಳಿಗೆ ಮರಳಿದ ಹುಡುಗಿಯರ ಪಾಡು ಹೆಚ್ಚು ಕೆಟ್ಟಿತ್ತು. ಗಂಡಸರೊಂದಿಗೆ ಕಾಡಿನಲ್ಲಿದ್ದವಳು, ಯಾರ್ಯಾರದೋ ಕೈಯಲ್ಲಿ ಉಂಡವಳು ಎಂಬ ಮಾತು ಬಂದೂಕಿಗಿಂತ ಹೆಚ್ಚು ಕಾಡಿತು. ಇದು ನಮ್ಮ ಓಣಿಗಳಿಗೆ ಅರ್ಥವಾಗದ ಸಂಗತಿಯೇನಲ್ಲ.

ಸಿಯೆರಾ ಲಿಯೋನ್‌ನಲ್ಲಿ ಥೆರೆಸಾ ಬೆಟನ್‌ಕೋರ್ಟ್ 2002ರಿಂದ ಐನೂರಕ್ಕೂ ಹೆಚ್ಚು ಯುವಜನರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅಲ್ಲೂ ಕಂಡದ್ದು ಇದೇ: ಕುಟುಂಬ ಮತ್ತು ಊರು ಒಪ್ಪಿಕೊಂಡವರು, ಶಾಲೆಯಲ್ಲಿ ಉಳಿದವರು ಚೇತರಿಸಿಕೊಂಡರು. ಹೀಯಾಳಿಕೆ ಅನುಭವಿಸಿದವರ ಖಿನ್ನತೆ, ಸಿಡುಕು ಹೆಚ್ಚಿತು. ಉತ್ತರ ಉಗಾಂಡಾದ ಅಪಹೃತ ಯುವಕರನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ ಬ್ಲಾಟ್‌ಮನ್, ಅವರು ಸರಾಸರಿಯಲ್ಲಿ ಮತದಾನದಲ್ಲಿ, ಊರ ಮುಂದಾಳತ್ವದಲ್ಲಿ ಇತರರಿಗಿಂತ ಮುಂದಿದ್ದುದನ್ನು ಕಂಡರು. ಅದೇ ಪ್ರದೇಶದ ಅಚೋಲಿ ಜನರಲ್ಲಿ, ಕಾಡಿನಿಂದ ಮರಳಿದವರು ಮನೆ ಹೊಗುವ ಮುನ್ನ ಹೊಸಿಲಲ್ಲಿ ಹಸಿ ಮೊಟ್ಟೆ ತುಳಿದು ಒಳಬರುವ ಶಾಸ್ತ್ರವಿದೆ. ಹೊರಗಿನ ದೋಷ ಹೊರಗೇ ಉಳಿಯಿತು, ಇನ್ನು ನೀನು ನಮ್ಮವನು ಎಂದು ಊರೇ ನಿಂತು ಹೇಳುವ ಬಗೆ ಅದು. ಮಾತ್ರೆ ಕೊಡುವ ವೈದ್ಯರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ ಅದರ ಜೊತೆ ಕೆಲಸ ಮಾಡಲು ಕಲಿತರು. ಇದು ಆ ಕ್ಷೇತ್ರದ ದೊಡ್ಡ ವಿವೇಕ ಎಂದೇ ನಾನು ಎಣಿಸುತ್ತೇನೆ.

ಈ ತಿಳಿವಳಿಕೆ ಹಿಡಿದು ಮತ್ತೆ 1948ಕ್ಕೆ ಬನ್ನಿ. ಗೋರ್ಟಾದ ಮಕ್ಕಳಿಗೆ ಯಾರು ಸಿಕ್ಕರು? ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆಗೋ ಇನ್ನೆಲ್ಲಿಗೋ ಓಡಿದ ಕುಟುಂಬಗಳಿಗೆ ನೆಂಟರಿಷ್ಟರು, ಶಿಬಿರಗಳು ಸಿಕ್ಕಿರಬಹುದು. ಮರಳಿ ಬಂದಾಗ ಹೆಗಲು ಕೊಡುವ ದೊಡ್ಡ ‘ನಾವು’ ಒಂದಿತ್ತು: ವಿಮೋಚನೆಗೆ ಹೋರಾಡಿ ಗೆದ್ದವರು ನಾವು ಎಂಬ ಹೆಮ್ಮೆ. ಸತ್ತ ಅಪ್ಪ ಬರೀ ಸತ್ತವನಲ್ಲ, ಹುತಾತ್ಮ. ಮಗುವಿನ ಮನಸ್ಸಿಗೆ ಇದು ಸಣ್ಣ ಔಷಧವಲ್ಲ. ನಷ್ಟಕ್ಕೆ ಅರ್ಥವೊಂದು ಸಿಕ್ಕರೆ ಅದು ನೆನಪಿನಲ್ಲಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆದರೆ ಆ ಅರ್ಥವನ್ನು ಊರ ಹೊರಗಿನ ಲೋಕ ಗುರುತಿಸಲು ಬಹಳ ಕಾಲ ಹಿಡಿಯಿತು. ಹುತಾತ್ಮರ ಸ್ಮಾರಕಕ್ಕೆ ಶಂಕುಸ್ಥಾಪನೆಯಾದದ್ದು 2014ರಲ್ಲಿ. 2023ರ ಮಾರ್ಚ್ 26ರಂದು ಕೇಂದ್ರ ಗೃಹಸಚಿವ ಅಮಿತ್ ಶಾ ಬಂದು ಅದನ್ನೂ ಸರ್ದಾರ್ ಪಟೇಲರ ಪ್ರತಿಮೆಯನ್ನೂ 103 ಅಡಿ ಎತ್ತರದ ಧ್ವಜಸ್ತಂಭವನ್ನೂ ಅನಾವರಣ ಮಾಡಿದರು. ನಡುವಿನ ಅರವತ್ತು ಎಪ್ಪತ್ತು ವರ್ಷ ಗೋರ್ಟಾದ ಹೆಸರು ಪಠ್ಯಪುಸ್ತಕದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ ಎಂಬುದು ಊರಿನವರ ನೋವು. ಆ ನೋವು ನ್ಯಾಯವಾದದ್ದೇ. ನಡೆದದ್ದು ನಡೆದಿಲ್ಲವೆಂಬಂತೆ ಜಗತ್ತು ಸುಮ್ಮನಿದ್ದರೆ, ಮೊದಲ ಪೆಟ್ಟಿನ ಮೇಲೆ ಎರಡನೆಯದು ಬೀಳುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ. ಸೆಪ್ಟೆಂಬರ್ 17ರ ನಂತರದ ವಾರಗಳಲ್ಲಿ ಇದೇ ಸೀಮೆಯಲ್ಲಿ ಇನ್ನಷ್ಟು ಮಕ್ಕಳು ತಂದೆಯರನ್ನು ಕಳೆದುಕೊಂಡರು. ನಿಜಾಮ ಶರಣಾದ ಮೇಲೆ ಸೇಡಿನ ಹೆಸರಲ್ಲಿ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಅವರಲ್ಲಿ ಬಹುಪಾಲು ಜನಕ್ಕೆ ರಜಾಕಾರ ಪಡೆಯೊಂದಿಗೆ ಸಂಬಂಧವೇ ಇರಲಿಲ್ಲ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ಸಮಿತಿ 1948ರ ಕೊನೆಯಲ್ಲಿ ಸುತ್ತಾಡಿ ವರದಿ ಬರೆಯಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂಬುದು ಅದರ ಅಂದಾಜು. ಅತಿ ಹೆಚ್ಚು ನಲುಗಿದ್ದೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.

ಈ ಎರಡನೇ ಗುಂಪಿನ ಮಕ್ಕಳಿಗೆ ಯಾರು ಸಿಕ್ಕರು? ಸತ್ತ ತಂದೆಗೆ ಹುತಾತ್ಮ ಎಂಬ ಹೆಸರಿಲ್ಲ. ಊರಿನ ಹಬ್ಬದ ದಿನವೇ ತಮ್ಮ ಸೂತಕದ ದಿನ. ಮಾತಾಡಿದರೆ ರಜಾಕಾರರ ಪರ ಎನ್ನುತ್ತಾರೆಂಬ ಅಂಜಿಕೆ. ಸಿಯೆರಾ ಲಿಯೋನ್‌ನ ಪಾಠದ ಪ್ರಕಾರ ಗಾಯ ಮಾಯದೆ ಉಳಿಯುವುದು ಇಂಥ ಮೌನದಲ್ಲೇ. ಒಂದು ನೋವು ಹೇಳಿದರೆ ಇನ್ನೊಂದು ಸಣ್ಣದಾಗುತ್ತದೆ ಎಂದು ಎರಡೂ ಬದಿಯಲ್ಲಿ ಅನೇಕರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಮೇ ತಿಂಗಳ ಎಂಟು ವರ್ಷದ ಮಗು, ಸೆಪ್ಟೆಂಬರ್‌ನ ಎಂಟು ವರ್ಷದ ಮಗು, ಇಬ್ಬರ ಅಮಿಗ್ಡಲಾ ಕೆಲಸ ಮಾಡುವುದು ಒಂದೇ ರೀತಿ.

ಅದೇ ವರದಿಯಲ್ಲಿ ಒಂದು ಸಂಗತಿ ಇದೆ, ಹೆಚ್ಚು ಜನ ಗಮನಿಸಿಲ್ಲ. ಕೆಲವೆಡೆ ಹಿಂದೂಗಳು ತಮ್ಮ ಜೀವ ಒತ್ತೆಯಿಟ್ಟು ಮುಸ್ಲಿಂ ನೆರೆಹೊರೆಯವರನ್ನು ಕಾಪಾಡಿದರಂತೆ. ಒಂದೇ ಕಸುಬಿನವರಲ್ಲಿ ಈ ಕಕ್ಕುಲಾತಿ ಹೆಚ್ಚು ಕಂಡಿತಂತೆ: ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ, ಹಿಂದೂಗಳ ಗುಂಪಿಗೇ ಎದುರು ನಿಂತರು, ಕೆಲವರು ಸತ್ತರು. ತಾಜ್‌ಫೆಲ್‌ರ ಹುಡುಗರ ಕತೆಯ ಇನ್ನೊಂದು ಮಗ್ಗುಲು ಇದು. ಮನುಷ್ಯನಿಗೆ ಇರುವುದು ಒಂದೇ ‘ನಾವು’ ಅಲ್ಲ. ಗಲಭೆಯ ಹೊತ್ತು ಅವನ್ನೆಲ್ಲ ಅಳಿಸಿ ಒಂದನ್ನೇ ಉಳಿಸಲು ನೋಡುತ್ತದೆ. ಆ ಹೊತ್ತಿನಲ್ಲೂ ಮಗ್ಗದ ‘ನಾವು’ ಕೆಲವರಲ್ಲಿ ಗಟ್ಟಿಯಾಗಿ ಉಳಿದಿತ್ತು. ಇದಕ್ಕೂ ಮುಂಚೆ, ಆಗಸ್ಟಿನಲ್ಲಿ, ರಜಾಕಾರರನ್ನು ಟೀಕಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದಿನಲ್ಲಿ ಅದೇ ಕಾರಣಕ್ಕೆ ಕೊಲೆಯಾಗಿದ್ದರು. ನಮ್ಮ ಜಿಲ್ಲೆಯಲ್ಲಂತೂ ಹುಮನಾಬಾದ್ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳ ಸನ್ನಿಧಿಗೆ, ಬೀದರ್ ಬಳಿಯ ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯ ಗೋರಿಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಅಷ್ಟೂರಿನ ಜಾತ್ರೆಗೆ ಮುಂದಾಗುವುದು ಲಿಂಗಾಯತ ಜಂಗಮರು, ಆ ಸುಲ್ತಾನನನ್ನೇ ಅವರು ಅಲ್ಲಮಪ್ರಭು ಎನ್ನುತ್ತಾರೆ.

ಮನೋವಿಶ್ಲೇಷಕ ವಾಮಿಕ್ ವೋಲ್ಕನ್ ಸೈಪ್ರಸ್ಸಿನ ತುರ್ಕಿ ಮನೆತನದವರು, ಒಡೆದ ದ್ವೀಪವೊಂದರ ಮಗ. ಒಂದು ಗುಂಪು ತನ್ನ ಹಿಂದಿನ ಒಂದು ಸೋಲನ್ನೋ ಸಾವನ್ನೋ ಆರಿಸಿಕೊಂಡು, ಅಳುವುದನ್ನು ಮುಗಿಸದೆ, ಮಕ್ಕಳಿಗೆ ದಾಟಿಸುತ್ತ ಹೋದರೆ, ಅದು ಆ ಗುಂಪಿನ ಗುರುತಿನ ಅಚ್ಚಾಗುತ್ತದೆ ಎಂದು ಅವರು ಹೇಳಿದರು. ‘ಆಯ್ದ ಆಘಾತ’ ಎಂಬುದು ಅವರು ಕೊಟ್ಟ ಹೆಸರು. ಸರ್ಬಿಯನ್ನರು 1389ರ ಕೊಸೊವೊ ಯುದ್ಧವನ್ನು ಹಾಗೆ ಹೊತ್ತು ತಂದರು. ಸರಿಯಾಗಿ 600 ವರ್ಷದ ನಂತರ, 1989ರ ಜೂನ್ 28ರಂದು, ಸರ್ಬಿಯಾದ ನಾಯಕ ಮಿಲೊಸೆವಿಚ್ ಅದೇ ಬಯಲಿನಲ್ಲಿ ಭಾಷಣ ಮಾಡಿದ. ಮುಂದಿನ ದಶಕದಲ್ಲಿ ಯುಗೊಸ್ಲಾವಿಯಾದಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಆಘಾತ ಕಂಡವರ ಮೊಮ್ಮಕ್ಕಳಿಗೆ ನಿದ್ದೆಗೇಡು ದಾಟದಿದ್ದರೂ ಸಿಟ್ಟು ದಾಟಬಹುದು. ಸಶಸ್ತ್ರ ಗುಂಪುಗಳು ಮಕ್ಕಳನ್ನು ಸೆಳೆಯುವುದು ಎಷ್ಟೋ ಸಲ ಈ ಆನುವಂಶಿಕ ಸಿಟ್ಟಿನಿಂದಲೇ.

ಗೋರ್ಟಾದ ಪಕ್ಕದಲ್ಲೇ ಇರುವ ಕಲ್ಯಾಣ ಈ ಸಿದ್ಧಾಂತಕ್ಕೆ ಒಂದು ಅಪವಾದವನ್ನು ಒದಗಿಸುತ್ತದೆ. 12ನೇ ಶತಮಾನದಲ್ಲಿ ಹರಳಯ್ಯ, ಮಧುವರಸರ ಕೊಲೆ, ಬಿಜ್ಜಳನ ಅಂತ್ಯ, ಶರಣರ ಚದುರುವಿಕೆ, ಇವೂ ಒಂದು ಸಮುದಾಯದ ಆಳದ ಗಾಯವೇ. ಉಳಿದವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು ಎಂಬುದು ಪರಂಪರೆಯ ನಂಬಿಕೆ. ಆದರೆ ಆ ಸಮುದಾಯ ತನ್ನ ಗುರುತನ್ನು ಕಟ್ಟಿಕೊಂಡದ್ದು ಕೊಂದವರ ಮೇಲಿನ ಸಿಟ್ಟಿನಿಂದ ಅಷ್ಟಾಗಿ ಅಲ್ಲ, ಉಳಿಸಿಕೊಂಡ ಮಾತಿನಿಂದ. ಮೂರು ಶತಮಾನದ ನಂತರ ಶೂನ್ಯಸಂಪಾದನೆಗಳಾಗಿ ಅದು ಮತ್ತೆ ಕೂಡಿಬಂತು, ನಮ್ಮ ಕಾಲದಲ್ಲಿ ಲಂಕೇಶರ ‘ಸಂಕ್ರಾಂತಿ’ಯಿಂದ ಕಾರ್ನಾಡರ ‘ತಲೆದಂಡ’ದವರೆಗೆ ನಾಟಕಗಳು ಅದೇ ಗಾಯವನ್ನು ಪ್ರಶ್ನೆಯಾಗಿ ಮುಟ್ಟಿ ನೋಡಿದವು. ಆಘಾತ ಗುರುತಾಗುವುದನ್ನು ತಡೆಯಲಾಗದು. ಯಾವ ಬಗೆಯ ಗುರುತಾಗಬೇಕು ಎಂಬುದರಲ್ಲಿ ಮಾತ್ರ ನಮಗೆ ಸ್ವಲ್ಪ ಸ್ವಾತಂತ್ರ್ಯವಿದೆ. ಧ್ವಜಸ್ತಂಭದ ಎತ್ತರದಿಂದ ಅದು ತೀರ್ಮಾನವಾಗುವುದಿಲ್ಲ, ಅದರ ಬುಡದಲ್ಲಿ ನಿಂತು ಮಕ್ಕಳಿಗೆ ಏನು ಹೇಳುತ್ತೇವೆ ಎಂಬುದರಿಂದ ಆಗುತ್ತದೆ. ‘ಅವರು ನಮ್ಮನ್ನು ಕೊಂದರು’ ಎಂಬ ವಾಕ್ಯದಲ್ಲಿ ‘ಅವರು’ ಯಾರು ಎಂದು ಮಗು ಕೇಳಿಯೇ ಕೇಳುತ್ತದೆ. ಒಂದು ಪಕ್ಷದ ಖಾಸಗಿ ಪಡೆ ಎಂಬ ಉತ್ತರ ಬೇರೆ, ಪಕ್ಕದ ಬೆಂಚಿನಲ್ಲಿ ಕೂತವನತ್ತ ತಿರುಗುವ ಉತ್ತರ ಬೇರೆ.

ಕೊನೆಯಲ್ಲಿ ಕೆಲಸದ ಮಾತು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಪ್ರಬಂಧಕ್ಕೆಂದೋ ಪ್ರಾಜೆಕ್ಟಿಗೆಂದೋ ವಿದ್ಯಾರ್ಥಿಗಳು ಹಿರಿಯರನ್ನು ಮಾತಾಡಿಸಲು ಹೋಗುವುದುಂಟು. ಹೋಗಲಿ, ಸಮಯ ಬಹಳ ಉಳಿದಿಲ್ಲ. ಆದರೆ ಆಗ ನೀವೆಷ್ಟು ವರ್ಷದವರಿದ್ದಿರಿ, ಇದನ್ನು ಸ್ವತಃ ಕಂಡಿರಾ ಅಥವಾ ಆಮೇಲೆ ಕೇಳಿದ್ದಾ ಎಂದು ಮೊದಲೇ ಕೇಳಿ ಬರೆದುಕೊಳ್ಳಲಿ. ಅಂದು ನಿಮಗೆ ನೀರು ಕೊಟ್ಟವರು, ಅಡಗಿಸಿಟ್ಟವರು ಯಾರು ಎಂದು ತಪ್ಪದೆ ಕೇಳಲಿ, ಎರಡೂ ಓಣಿಯಲ್ಲಿ ಕೇಳಲಿ. ವಿವರ ಕೆದಕಿ ಕೆದಕಿ ಅಳಿಸುವುದು ಬೇಡ. ದೊಡ್ಡ ಘಟನೆ ನಡೆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ತಜ್ಞರು ಕೈಬಿಟ್ಟಿದ್ದಾರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಅದರ ಬದಲಿಗೆ ಹೇಳುವುದು ಮೂರೇ ಕೆಲಸ: ನೋಡು, ಕೇಳು, ನೆರವಿನೊಂದಿಗೆ ಜೋಡಿಸು. ವಯಸ್ಸಾದಂತೆ, ನಿವೃತ್ತಿಯ ಬಿಡುವಿನಲ್ಲೋ ಸಂಗಾತಿ ಹೋದ ಮೇಲೋ, ಬಾಲ್ಯದ ಭಯ ಮತ್ತೆ ಎದ್ದುಬರುವುದು ಅಪರೂಪವೇನಲ್ಲ. ಮಾತಿನ ನಡುವೆ ಹಿರಿಯರ ಉಸಿರು ಏರಿದರೆ, ಕಣ್ಣು ಎಲ್ಲೋ ನೆಟ್ಟರೆ, ರೆಕಾರ್ಡಿಂಗ್ ನಿಲ್ಲಿಸಿ, ಇವತ್ತು ಯಾವ ವಾರ, ನಾವು ಎಲ್ಲಿ ಕೂತಿದ್ದೇವೆ ಎಂದು ಮೆಲ್ಲಗೆ ಮಾತಿಗೆಳೆಯಬೇಕು. ಮನೆಯವರಿಗೆ ತಿಳಿಸಿಯೇ ಹೊರಡಬೇಕು, ಮರುದಿನ ಬರೀ ಕ್ಷೇಮ ವಿಚಾರಿಸಲು ಒಮ್ಮೆ ಹೋಗಿಬರಬೇಕು. ನಿದ್ದೆಗೇಡು, ಬೆಚ್ಚುವಿಕೆ ಮುಂದುವರಿದರೆ 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.